ಮೀಟರ್ ಬೋರ್ಡಿನ ಮಾತು ಕೇಳಿ

(ಸಂಘದ ವಾರ್ಷಿಕೋತ್ಸವದಲ್ಲಿ ಹಿರಿಯ ಡ್ರೈವರ್ ಒಬ್ಬರು ಆಡಿದ ಮಾತು)



ತಮ್ಮಂದಿರೇ, ಸ್ಟೇರಿಂಗ್ ಹಿಡಿದ ಕೈಗೆ ಮೈಕು ಕೊಟ್ಟಿದ್ದೀರಿ. ಭಾಷಣ ನನಗೆ ಬರೋದಿಲ್ಲ, ಗೊತ್ತಿರೋದನ್ನ ಹೇಳ್ತೀನಿ. ನಮ್ಮ ಕೇರಿಯಲ್ಲಿ ಈಗ ಹಳೇ ವ್ಯಾನ್ ಕೊಂಡು, ತಾಳವಾಡಿಯಿಂದ ಕೋಸು, ಟೊಮೆಟೊ ಹೇರಿಕೊಂಡು ಸತ್ಯಮಂಗಲಕ್ಕೆ ಹೋಗಿಬರೋ ಹುಡುಗರಿದ್ದೀರಿ. ಸಾಲದ ಗಾಡಿ. ದಾರಿಯಲ್ಲಿ ದಿಂಬಂ ಘಾಟಿ, 27 ಹೇರ್‌ಪಿನ್ ತಿರುವು. ಅಲ್ಲಿ ಇಂಜಿನ್ ಕೈಕೊಟ್ಟರೆ ಒಂದು ದಿನದ ಬಾಡಿಗೆ ಮಾತ್ರ ಹೋಗಲ್ಲ, ಗಾಡಿಯ ಕಂತೂ ನಿಂತುಹೋಗುತ್ತೆ.

ನನಗೇ ಆಗಿದ್ದು ಕೇಳಿ. ಗೊಬ್ಬರದ ಮೂಟೆ ಹಾಕ್ಕೊಂಡು ಘಾಟಿ ಹತ್ತುತ್ತಿದ್ದೆ. ಟೆಂಪರೇಚರ್ ಮುಳ್ಳು ಮೇಲಿತ್ತು, ಇದ್ದಕ್ಕಿದ್ದಂಗೆ ಕೆಳಗೆ ಬಿತ್ತು. ಇಂಜಿನ್ ತಣ್ಣಗಾಯ್ತು ಅಂತ ಸಂತೋಷಪಟ್ಟೆ. ನಿಜವಾಗಿ ಹೋಸ್ ಪೈಪ್ ಒಡೆದು ನೀರೆಲ್ಲ ಹೋಗಿತ್ತು. ಸೆನ್ಸರ್‌ಗೆ ನೀರು ತಾಗದಿದ್ದರೆ ಅದು ಸರಿಯಾಗಿ ಹೇಳೋದಿಲ್ಲ. ಎರಡು ತಿರುವು ದಾಟೋದ್ರಲ್ಲಿ ಹೆಡ್ ಗ್ಯಾಸ್ಕೆಟ್ ಹೋಯ್ತು. ಹತ್ತುವಾಗ ಮುಳ್ಳು ದಿಢೀರ್ ಬಿದ್ದರೆ ಗಾಡಿ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೀಬೇಡಿ.

ರಿಪೇರಿಗೆ ಹೋದಾಗ ಮತ್ತೊಂದು ಪೆಟ್ಟು. ಅದಾದ ಮೇಲೆ ಡೀಸೆಲ್ ಮುಳ್ಳೂ ಟೆಂಪರೇಚರ್ ಮುಳ್ಳೂ ಒಟ್ಟಿಗೆ ಸುಳ್ಳು ಹೇಳೋಕೆ ಶುರುವಾದವು. ಒಂದು ಗ್ಯಾರೇಜಿನಲ್ಲಿ "ಪೂರ್ತಿ ಮೀಟರ್ ಸೆಟ್ ಬದಲಾಯಿಸಬೇಕು" ಅಂದ್ರು. ನಾನು ಬೋರ್ಡಿನ ಹಿಂದೆ ಕೈ ಹಾಕಿ ನೋಡಿದರೆ, ಅರ್ತ್ ವಯರಿನ ಬೋಲ್ಟ್ ತುಕ್ಕು ಹಿಡಿದಿತ್ತು. ಉಜ್ಜುಕಾಗದದಲ್ಲಿ ಉಜ್ಜಿ ಬಿಗಿದೆ, ಸರಿಹೋಯ್ತು.

ಹಂಗಾಗಿ ಸಾಮಾನು ಕೊಳ್ಳೋ ಮುಂಚೆ ಹೀಗೆ ನೋಡಿ.

ಎರಡು ಮೂರು ಮುಳ್ಳು ಒಟ್ಟಿಗೆ ಕೆಟ್ಟರೆ ಮೀಟರನ್ನ ಬೈಬೇಡಿ. ಎಲ್ಲಕ್ಕೂ ಸೇರಿದ ಫ್ಯೂಸ್, ಅರ್ತ್, ಹಿಂದಿರೋ ವೋಲ್ಟೇಜ್ ಸ್ಟೆಬಿಲೈಸರ್, ಈ ಮೂರನ್ನ ನೋಡಿ. ಹಳೇ ಗಾಡಿ ಬಹಳಷ್ಟರಲ್ಲಿ ಅದು ಸುಮಾರು 10 ವೋಲ್ಟ್ ಕೊಡುತ್ತೆ. ಇಂಡಿಕೇಟರ್ ಹಾಕಿದಾಗ ಮುಳ್ಳು ಕುಣಿದರೆ ಮೊದಲ ಅನುಮಾನ ಅರ್ತ್ ಮೇಲೆ.

ಟೆಂಪರೇಚರ್ ಮುಳ್ಳು ಒಂದೇ ಸತ್ತಿದ್ದರೆ, ಕೀ ಆನ್ ಮಾಡಿ, ಸೆನ್ಸರಿನ ವಯರ್ ಬಿಚ್ಚಿ ಇಂಜಿನ್ನಿನ ಕಬ್ಬಿಣಕ್ಕೆ ಒಂದೆರಡು ಸೆಕೆಂಡ್ ತಾಗಿಸಿ. ಸಾಮಾನ್ಯವಾಗಿ ಮುಳ್ಳು ಮೇಲೇಳಬೇಕು. ಎದ್ದರೆ ಮೀಟರ್, ವಯರ್ ಎರಡೂ ಚೆನ್ನಾಗಿವೆ, ಸೆನ್ಸರ್ ಹೋಗಿದೆ. ಏಳದಿದ್ದರೆ ವಯರ್ ಇಲ್ಲವೇ ಮೀಟರ್. ಪೆಟ್ರೋಲ್ ಟ್ಯಾಂಕಿನ ಹತ್ತಿರ ಈ ಆಟ ಬೇಡ, ಕಿಡಿ ಹಾರುತ್ತೆ.

ಸ್ಪೀಡ್ ಮುಳ್ಳು ನಡುಗಿದರೆ ಕೇಬಲ್ ಒಣಗಿದೆ, ಇಲ್ಲ ಮಡಿಸಿಕೊಂಡಿದೆ. ಓಡುವಾಗ ಮುಳ್ಳು ಏಳದೇ ಇದ್ದರೆ ಕೇಬಲ್ ತುಂಡಾಗಿರಬಹುದು.

ಕೆಂಪು ದೀಪ ಎರಡು: ಆಯಿಲ್, ಬ್ಯಾಟರಿ. ಕೀ ತಿರುಗಿಸಿದಾಗ ಎರಡೂ ಹತ್ತಬೇಕು, ಸ್ಟಾರ್ಟ್ ಆದಮೇಲೆ ಆರಬೇಕು. ಮೊದಲೇ ಹತ್ತದಿದ್ದರೆ ಬಲ್ಬು, ವಯರು ನೋಡಿ. ಹಳೇ ಗಾಡಿಗಳಲ್ಲಿ ಬ್ಯಾಟರಿ ಬಲ್ಬು ಸುಟ್ಟರೆ ಎಷ್ಟೋ ಸಲ ಚಾರ್ಜೇ ಆಗೋದಿಲ್ಲ. ಓಡುತ್ತಿರುವಾಗ ಆಯಿಲ್ ದೀಪ ಹತ್ತಿದರೆ "ಮನೆ ಮುಟ್ಟೋಣ" ಅನ್ನಬೇಡಿ, ಅಲ್ಲೇ ಇಂಜಿನ್ ಆಫ್ ಮಾಡಿ. ದೀಪ ಕಾಟ ಕೊಡ್ತದೆ ಅಂತ ಬಲ್ಬೇ ಕಿತ್ತುಹಾಕಿದವರನ್ನ ನೋಡಿದ್ದೀನಿ. ಆಮೇಲೆ ಇಂಜಿನ್ನೇ ಕೂತುಹೋಯ್ತು.

ಬೋರ್ಡ್ ಬಿಚ್ಚೋ ಮುಂಚೆ ಬ್ಯಾಟರಿಯ ಮೈನಸ್ ತೆಗೀರಿ. ಸುಟ್ಟ ಫ್ಯೂಸ್ ಜಾಗಕ್ಕೆ ತಂತಿ ಸುತ್ತಬೇಡಿ, ಗಾಡಿಗೆ ಬೆಂಕಿ ಬೀಳುತ್ತೆ.

ನಾನು ಹುಡುಗನಾಗಿ ಗ್ಯಾರೇಜಿಗೆ ಸೇರಿದಾಗ ಗಾಡಿ ತೊಳೆಯೋಕೆ ಕೊಟ್ರು, ವಯರಿಂಗ್ ಮುಟ್ಟೋಕೆ ಬಿಡಲಿಲ್ಲ. ಯಾವ ಕೇರಿಯವನು ಅಂತ ಅವರಿಗೆ ಗೊತ್ತಿತ್ತು. ದೂರ ನಿಂತು ನೋಡಿ ನೋಡಿ ಕಲಿತೆ. ನಿಮಗೆ ಆ ಪಾಡು ಬೇಡ. ಶಿಕ್ಷಣ ಅಂತ ಬಾಬಾಸಾಹೇಬರು ಹೇಳಿದ್ದು ಪುಸ್ತಕದ್ದೊಂದೇ ಅಲ್ಲ ಅಂತ ನನ್ನ ತಿಳುವಳಿಕೆ.

ಸಂಘದ ಕೋಣೆಗೆ ಒಂದು ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್ ನಾನೇ ತಂದಿಡ್ತೀನಿ. ಭಾನುವಾರ ಬೆಳಿಗ್ಗೆ ಗಾಡಿ ತನ್ನಿ. ಓಡಿಸೋ ಆಸೆ ಇರೋ ನಮ್ಮ ಹೆಣ್ಣುಮಕ್ಕಳೂ ಬರಲಿ. ಮುಟ್ಟಿ, ಬಿಚ್ಚಿ, ಕಲೀರಿ.

ಜೈಭೀಮ್.