ಹಸಿರು ರಕ್ತದ ಲೆಕ್ಕಾಚಾರ

(ಚಿತ್ರ ಪ್ರದರ್ಶನದ ನಂತರ ಮಾಡಿದ ಭಾಷಣದ ಬರಹರೂಪ)



ಈಗಷ್ಟೇ ನಾವೆಲ್ಲ ಒಟ್ಟಿಗೆ ಕೂತು 'ಫ್ರಮ್ ಡಸ್ಕ್ ಟಿಲ್ ಡಾನ್' ನೋಡಿದೆವು. 1996ರಲ್ಲಿ ತೆರೆಕಂಡ ಅಮೆರಿಕದ ಚಿತ್ರ ಇದು. ಮುಸ್ಸಂಜೆಯಿಂದ ಮುಂಜಾವಿನವರೆಗೆ ಎಂದು ಹೆಸರಿನ ಅರ್ಥ. ನಡುವೆ ಯಾರೋ ಪಕ್ಕದವರನ್ನು 'ಇದೇನ್ರೀ, ಬೇರೆ ಪಿಕ್ಚರ್ ಹಾಕಿಬಿಟ್ಟರಾ?' ಎಂದು ಕೇಳಿದ್ದು ನನ್ನ ಕಿವಿಗೂ ಬಿತ್ತು. ಕೇಳಬೇಕಾದ ಮಾತೇ. ಮೊದಲ ಒಂದು ಗಂಟೆ ಪೊಲೀಸರಿಂದ ತಪ್ಪಿಸಿಕೊಂಡು ಮೆಕ್ಸಿಕೊದತ್ತ ಓಡುವ ಇಬ್ಬರು ದರೋಡೆಕೋರ ಅಣ್ಣತಮ್ಮಂದಿರ ಕಥೆ. ಆಮೇಲೆ ಗಡಿಯಾಚೆಯ ಬಾರಿನಲ್ಲಿ ಇದ್ದಕ್ಕಿದ್ದಂತೆ ರಕ್ತ ಹೀರುವ ವ್ಯಾಂಪೈರ್‌ಗಳ ದಂಡು!

ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ಸಂಗತಿ. ಮೊದಲರ್ಧದಲ್ಲಿ ಸತ್ತವರು ಕೆಲವೇ ಮಂದಿ. ಆಗ ಈ ಸಭಾಂಗಣ ಉಸಿರು ಬಿಗಿಹಿಡಿದಿತ್ತು. ಎರಡನೆಯ ಅರ್ಧದಲ್ಲಿ ಡಜನ್‌ಗಟ್ಟಲೆ ದೇಹಗಳು ಉರುಳಿದವು. ಆಗ ನಾವು ನಕ್ಕೆವು. ಏಕೆ?

ಮೊದಲು ಈ ಚಿತ್ರ ಹುಟ್ಟಿದ ಬಗೆಯನ್ನು ಹೇಳಬೇಕು. ರಾಬರ್ಟ್ ಕರ್ಟ್ಸ್‌ಮನ್ ಎಂಬ ಮೇಕಪ್ ತಜ್ಞರಿಗೆ ತಮ್ಮ ತಂಡದ ಕೈಚಳಕ ತೋರಿಸಲು ಒಂದು ಚಿತ್ರ ಬೇಕಿತ್ತು. ಕಥೆಯ ಎಳೆ ಅವರದೇ. ಚಿತ್ರಕಥೆ ಬರೆಯಲು 1990ರಲ್ಲಿ ಅವರು ಗೊತ್ತುಮಾಡಿದ್ದು ಆಗಿನ್ನೂ ಹೆಸರು ಮಾಡಿರದ ಕ್ವೆಂಟಿನ್ ಟ್ಯಾರಂಟಿನೊ ಅವರನ್ನು. ಸಂಭಾವನೆ 1,500 ಡಾಲರ್. ಮುಂದೆ 1994ರಲ್ಲಿ ಟ್ಯಾರಂಟಿನೊ ಅವರ 'ಪಲ್ಪ್ ಫಿಕ್ಷನ್' ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದಿತು. 'ಎಲ್ ಮರಿಯಾಚಿ' (1992) ಚಿತ್ರವನ್ನು ಸುಮಾರು 7,000 ಡಾಲರಿನಲ್ಲಿ ತೆಗೆದು ಹೆಸರಾಗಿದ್ದ ರಾಬರ್ಟ್ ರಾಡ್ರಿಗಸ್ ನಿರ್ದೇಶನದ ಹೊಣೆ ಹೊತ್ತರು. ಮಾತಿನಲ್ಲಿ ಕಥೆ ಕಟ್ಟುವ ಬರಹಗಾರ ಒಂದು ಕಡೆ, ಪಿಶಾಚಿಗಳನ್ನು ಕೈಯಾರೆ ತಯಾರಿಸುವ ಕುಶಲಕರ್ಮಿ ಇನ್ನೊಂದು ಕಡೆ. ಚಿತ್ರದ ಎರಡು ಹೋಳುಗಳ ಗುಟ್ಟು ಬಹುಮಟ್ಟಿಗೆ ಇದೇ.

ಈಗ ನಗುವಿನ ಪ್ರಶ್ನೆಗೆ ಬರೋಣ. ಮೋಟೆಲ್ ಕೋಣೆಯ ದೃಶ್ಯ ನೆನಪಿಸಿಕೊಳ್ಳಿ. ಅಣ್ಣ ಸೆತ್ (ಜಾರ್ಜ್ ಕ್ಲೂನಿ) ಊಟ ತರಲು ಹೊರಗೆ ಹೋಗುತ್ತಾನೆ. ಒತ್ತೆಯಾಳಾಗಿದ್ದ ಬ್ಯಾಂಕ್ ನೌಕರಳನ್ನು ತಮ್ಮ ರಿಚರ್ಡ್ ಕೊಂದುಹಾಕುತ್ತಾನೆ. ಈ ಪಾತ್ರ ಮಾಡಿದವರು ಸ್ವತಃ ಟ್ಯಾರಂಟಿನೊ. ಕೊಲೆಯನ್ನು ಚಿತ್ರ ತೋರಿಸುವುದಿಲ್ಲ. ಬಾಗಿಲಲ್ಲಿ ನಿಂತ ಸೆತ್‌ನ ಮುಖ, ನಡುನಡುವೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುವ ಕೆಂಪು ಚಿತ್ರಗಳು, ಅಷ್ಟೇ. ಅಷ್ಟಕ್ಕೇ ನಮ್ಮ ಹೊಟ್ಟೆ ತೊಳಸಿತು. ಸತ್ತವಳು ಒಬ್ಬ ಹೆಂಗಸು. ಅವಳಿಗೆ ಮನೆಯಿತ್ತು, ಮಂದಿಯಿದ್ದರು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಾರಿನಲ್ಲಿ ಇದಕ್ಕೆ ತದ್ವಿರುದ್ಧ. ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಆದರೆ ಅಲ್ಲಿ ವ್ಯಾಂಪೈರ್‌ಗಳ ಮೈಯಿಂದ ಚಿಮ್ಮುವ ರಕ್ತ ಹಸಿರು. ಕೆಂಪು ರಕ್ತ ಹೆಚ್ಚಾದರೆ ಪ್ರಮಾಣಪತ್ರ ಸಿಗುವುದು ಕಷ್ಟವಾದೀತು ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಆದರೆ ಹಸಿರು ಬಣ್ಣ ವಂಚಿಸಿದ್ದು ಪ್ರಮಾಣಪತ್ರ ಕೊಡುವವರನ್ನು ಮಾತ್ರವಲ್ಲ, ನಮ್ಮನ್ನೂ ಕೂಡ. ಎದುರಿಗಿರುವುದು ಮನುಷ್ಯನಲ್ಲ ಎಂದು ಒಮ್ಮೆ ತೀರ್ಮಾನವಾದರೆ ಸಾಕು, ಎಷ್ಟು ಕೊಂದರೂ ಮನಸ್ಸಿಗೆ ಭಾರವಿಲ್ಲ. ಮೋಟೆಲ್ ಕೋಣೆಯಲ್ಲಿ ನಾವು ಅಸಹ್ಯಪಟ್ಟ ದರೋಡೆಕೋರರಲ್ಲಿ ಒಬ್ಬ ಈಗ ನಮ್ಮ ನಾಯಕ! ಅವನ ಕೈಯಲ್ಲಿನ ಆಯುಧಕ್ಕೆ ನಮ್ಮದೇ ಚಪ್ಪಾಳೆ.

ಚಿತ್ರ ಇಷ್ಟಕ್ಕೇ ನಿಂತಿದ್ದರೆ ಬರೀ ಗದ್ದಲವಾಗುತ್ತಿತ್ತು. ಅದು ಎರಡು ಸಲ ನಮ್ಮ ನಗುವನ್ನು ತಡೆಯುತ್ತದೆ. ಮೊದಲನೆಯದು, ಕಚ್ಚಿಸಿಕೊಂಡು ಸತ್ತ ರಿಚರ್ಡ್ ಮತ್ತೆ ಎದ್ದಾಗ. ಸೆತ್ ತನ್ನ ಒಡಹುಟ್ಟಿದವನ ಎದೆಗೇ ಗೂಟ ಹೊಡೆಯಬೇಕಾಗುತ್ತದೆ. ಎರಡನೆಯದು ಪಾದ್ರಿ ಜೇಕಬ್‌ನ ಪ್ರಸಂಗ. ಹೆಂಡತಿ ಸತ್ತ ಮೇಲೆ ನಂಬಿಕೆ ಕಳೆದುಕೊಂಡಿದ್ದ ಈತ (ಹಾರ್ವಿ ಕೈಟೆಲ್) ಕಚ್ಚಿಸಿಕೊಂಡ ಬಳಿಕ ತನ್ನ ಇಬ್ಬರು ಮಕ್ಕಳಿಂದ ಭಾಷೆ ತೆಗೆದುಕೊಳ್ಳುತ್ತಾನೆ: ನಾನು ಬದಲಾದ ಕ್ಷಣದಲ್ಲಿ ನನ್ನನ್ನು ಕೊಂದುಬಿಡಿ. ಆ ಕ್ಷಣ ಬಂದಾಗ ಮಗ ಹಿಂಜರಿಯುತ್ತಾನೆ. ಅಷ್ಟರಲ್ಲಿ ತಂದೆ ಅವನನ್ನೇ ಕಚ್ಚುತ್ತಾನೆ. ಆ ಹೊತ್ತಿಗೆ ಇಲ್ಲಿ ಯಾರೂ ನಗಲಿಲ್ಲ. ಎದುರಿಗಿದ್ದದ್ದು ಪಿಶಾಚಿಯೇ ಹೌದು. ಆದರೆ ಮುಖ ಅಪ್ಪನದು.

ಇದು ಈ ಚಿತ್ರದ ಸ್ವಂತ ಶೋಧವೇನಲ್ಲ. ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ 'ಡ್ರಾಕುಲಾ' ಕಾದಂಬರಿಯಲ್ಲಿ ಲೂಸಿ ಎಂಬ ಹುಡುಗಿ ವ್ಯಾಂಪೈರ್ ಆಗುತ್ತಾಳೆ. ಅವಳ ಎದೆಗೆ ಗೂಟ ಹೊಡೆಯುವವನು ಅವಳನ್ನು ಮದುವೆಯಾಗಬೇಕಿದ್ದ ಆರ್ಥರ್. ವ್ಯಾಂಪೈರ್ ಕಥೆಯ ನಿಜವಾದ ಭಯ ಕೋರೆಹಲ್ಲಿನದಲ್ಲ. ನಮ್ಮವರೇ ಒಂದು ರಾತ್ರಿಯಲ್ಲಿ ಪರಕೀಯರಾಗಿಬಿಟ್ಟರೆ ಏನು ಮಾಡುವುದು ಎಂಬ ಭಯ.

ಚಿತ್ರದ ಮೇಲೆ ನನಗೊಂದು ಆಕ್ಷೇಪವೂ ಇದೆ. ಗಡಿ ದಾಟಿ ಮೆಕ್ಸಿಕೊಗೆ ಹೋದರೆ ಕಾನೂನಿಲ್ಲ, ನೀತಿಯಿಲ್ಲ, ಪಿಶಾಚಿಗಳಿವೆ ಎನ್ನುವುದು ಹಾಲಿವುಡ್‌ನ ಹಳೆಯ ಚಾಳಿ. ನಿರ್ದೇಶಕರು ಟೆಕ್ಸಾಸ್‌ನಲ್ಲಿ ಹುಟ್ಟಿದ ಮೆಕ್ಸಿಕನ್ ಮೂಲದವರೇ ಆದರೂ ಈ ಚಾಳಿ ಪೂರ್ತಿ ತಪ್ಪಿಲ್ಲ. ಆದರೆ ಕಡೆಯ ದೃಶ್ಯ ಈ ಮಾತನ್ನು ತುಸು ತಿರುಗಿಸುತ್ತದೆ. ಕ್ಯಾಮೆರಾ ಹಿಂದೆ ಸರಿದಂತೆ ಬಾರಿನ ಬೆನ್ನಿಗೆ ಪ್ರಾಚೀನ ಪಿರಮಿಡ್ ದೇಗುಲವೊಂದು ಕಾಣುತ್ತದೆ. ಅದರ ಬುಡದಲ್ಲಿ ಲಾರಿ, ವಾಹನಗಳ ರಾಶಿ. ಗಡಿಯಾಚೆ ಮೋಜು ಹುಡುಕಿ ಬಂದವರು ವರ್ಷಗಳಿಂದ ಅಲ್ಲಿಗೆ ತಾವೇ ಆಹಾರವಾಗಿ ಬರುತ್ತಿದ್ದರು!

ಇದೇ ಜಾಡು 2025ರಲ್ಲಿ ಬಂದ ರಯಾನ್ ಕೂಗ್ಲರ್ ಅವರ 'ಸಿನ್ನರ್ಸ್' ಚಿತ್ರದಲ್ಲಿ ಮತ್ತೆ ಕಾಣಿಸಿತು. ಅದು 1932ರ ಮಿಸಿಸಿಪ್ಪಿಯ ಕಥೆ. ಷಿಕಾಗೊದ ಭೂಗತಲೋಕದಿಂದ ಹಿಂತಿರುಗಿದ ಕಪ್ಪುಜನಾಂಗದ ಅವಳಿ ಸೋದರರು ಊರಿನಲ್ಲಿ ಹಾಡುಕುಣಿತದ ಕೂಟ ತೆರೆಯುತ್ತಾರೆ. ಅದೇ ರಾತ್ರಿ ವ್ಯಾಂಪೈರ್‌ಗಳು ಬರುತ್ತವೆ. ಕಚ್ಚಿಸಿಕೊಂಡವರು ಬಾಗಿಲಾಚೆ ನಿಂತು ಪರಿಚಿತ ದನಿಯಲ್ಲಿ ಕರೆಯುತ್ತಾರೆ. ಮೂವತ್ತು ವರ್ಷದ ಹಿಂದೆ ನಗುವಿನ ನಡುವೆ ಎರಡು ಸಲ ಇಣುಕಿದ ಸಂಕಟ ಇಲ್ಲಿ ಇಡೀ ಚಿತ್ರವನ್ನೇ ಆವರಿಸಿಕೊಂಡಿದೆ.

ನಾನು ದಿನಪತ್ರಿಕೆಯ ವರದಿಗಾರ. ಸಾವಿನ ಸುದ್ದಿ ಬರೆಯುವಾಗ ಸತ್ತವನನ್ನು 'ರೌಡಿ', 'ಕಳ್ಳ', 'ಅಪರಿಚಿತ' ಎಂದು ಒಂದೇ ಪದದಲ್ಲಿ ಮುಗಿಸುವುದು ನಮಗೆ ಅಭ್ಯಾಸ. ಓದುವವರಿಗೂ ಹಾಗೆಯೇ ಹಗುರ. ಈ ಚಿತ್ರ ನೋಡಿದ ಮೇಲೆ ಆ ಪದಗಳಿಗೂ ಒಂದು ಬಣ್ಣವಿದೆ ಎನಿಸತೊಡಗಿದೆ. ಅದು ಹಸಿರು ಬಣ್ಣ.