ಪ್ರಶ್ನೆಪತ್ರ ಹಿಡಿದು ಬಂದವರಿಗೆ ನಮ್ಮ ಉತ್ತರ

(ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಗಿರಣಿ ಕಾಮಗಾರರು ಮತ್ತು ಸಣ್ಣ ವ್ಯಾಪಾರಸ್ಥರ ಕೂಟದಲ್ಲಿ ಮಾಡಿದ ಭಾಷಣ)



ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟಿತು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ ಹುಟ್ಟಿತು. ಇಂಥ ಕಡೆಗಳಲ್ಲಿ ವಾಣಿಜ್ಯ ಮತ್ತು ವ್ಯವಸ್ಥಾಪನ ಶಾಸ್ತ್ರ ಓದಿ ಪಿಎಚ್.ಡಿ. ಮಾಡಹೊರಟ ತರುಣ ತರುಣಿಯರು ಕೈಯಲ್ಲಿ ಪ್ರಶ್ನೆಪತ್ರ ಹಿಡಿದು ಗಿರಣಿಯ ಬಾಗಿಲಿಗೂ ಪೇಟೆಯ ಅಂಗಡಿಗೂ ಬರುತ್ತಾರೆ. ಅವರಿಗೆ ಏನು ಹೇಳಬೇಕು, ಏನು ಕೇಳಬೇಕು ಎಂಬುದೇ ಇಂದಿನ ವಿಷಯ. ಇದು ಓದಿದವರ ಗೊಡವೆ, ನಮಗೇಕೆ ಎನ್ನಬೇಡಿ. ಅವರು ಬರೆಯುವುದು ನಮ್ಮ ಬಗ್ಗೆ.

ಅವರ ಬಾಯಲ್ಲಿ ಎರಡು ದೊಡ್ಡ ಶಬ್ದಗಳಿರುತ್ತವೆ. ಒಂದು ಉದ್ಯಮಶೀಲತೆ. ಕೈಯಲ್ಲಿದ್ದ ಅಷ್ಟಿಷ್ಟು ಬಂಡವಾಳ ಹಾಕಿ, ನಷ್ಟದ ಭಯವನ್ನೂ ಹೊತ್ತು, ಹೊಸ ವ್ಯವಹಾರ ಎಬ್ಬಿಸುವ ಗುಣ ಎಲ್ಲಿಂದ ಬರುತ್ತದೆ ಎಂಬ ವಿಚಾರ. ಇನ್ನೊಂದು ಸಂಘಟನಾ ವರ್ತನೆ. ಒಂದು ಸೂರಿನ ಕೆಳಗೆ ನೂರಾರು ಜನ ದುಡಿಯುವಾಗ ಅವರು ಹೇಗೆ ನಡೆದುಕೊಳ್ಳುತ್ತಾರೆ, ಯಾವಾಗ ಮನಸ್ಸಿಟ್ಟು ದುಡಿಯುತ್ತಾರೆ, ಯಾವಾಗ ಕೈ ಬಿಗಿ ಹಿಡಿಯುತ್ತಾರೆ ಎಂಬ ವಿಚಾರ. ಮೊದಲನೆಯದು ಅಂಗಡಿಕಾರನ ಬದುಕು, ಎರಡನೆಯದು ಪಾಳಿಯ ಮೇಲೆ ದುಡಿಯುವವನ ಬದುಕು. ಎರಡೂ ನಿಮಗೆ ಗೊತ್ತಿರುವ ಸಂಗತಿಗಳೇ.

ಎರಡನೆಯ ಶಾಸ್ತ್ರ ಬಹುಮಟ್ಟಿಗೆ ಬೆಳೆದದ್ದೇ ನಿಮ್ಮಂಥವರ ನಡುವೆ. 1923ರಲ್ಲಿ ಎಲ್ಟನ್ ಮೇಯೊ ಎಂಬ ಪಂಡಿತರು ಅಮೆರಿಕದ ಫಿಲಡೆಲ್ಫಿಯಾ ನಗರದ ಒಂದು ಬಟ್ಟೆ ಗಿರಣಿಗೆ ಹೋದರು. ಅಲ್ಲಿಯ ನೂಲುವ ಖಾತೆಯಲ್ಲಿ ಜನ ನಿಲ್ಲುತ್ತಿರಲಿಲ್ಲ. ನೂರು ಜನರನ್ನು ಇಟ್ಟುಕೊಳ್ಳಲು ವರ್ಷಕ್ಕೆ ಸುಮಾರು ಇನ್ನೂರೈವತ್ತು ಜನರನ್ನು ಸೇರಿಸಿಕೊಳ್ಳಬೇಕಾಗಿತ್ತು. ಮೇಯೊ ಅವರು ದಿನಕ್ಕೆ ನಾಲ್ಕು ಸಲ ಹತ್ತು ಹತ್ತು ನಿಮಿಷ ಮಲಗಿ ದಣಿವಾರಿಸಿಕೊಳ್ಳಲು ಬಿಡಿಸಿದರು. ಜನ ನಿಂತರು, ಉತ್ಪಾದನೆಯೂ ಏರಿತು. ಮುಂದೆ ಕೆಲಸದ ಒತ್ತಡವೆಂದು ಮೇಲ್ವಿಚಾರಕನೊಬ್ಬ ಆ ವಿರಾಮವನ್ನು ತೆಗೆದುಹಾಕಿದ, ಉತ್ಪಾದನೆ ಮತ್ತೆ ಇಳಿಯಿತು. ನೂಲುವವನಿಗೆ ಬೆನ್ನು ಇದೆ ಎಂಬುದನ್ನು ಸಿದ್ಧಪಡಿಸಲು ಒಂದು ಶಾಸ್ತ್ರವೇ ಹುಟ್ಟಬೇಕಾಯಿತು!

ಅದೇ ದೇಶದಲ್ಲಿ, ಶಿಕಾಗೋ ಬಳಿಯ ಹಾಥಾರ್ನ್ ಕಾರಖಾನೆಯಲ್ಲಿ 1924ರಿಂದ 1932ರವರೆಗೆ ಇನ್ನೂ ದೊಡ್ಡ ಪ್ರಯೋಗ ನಡೆಯಿತು. ಆರು ಹೆಣ್ಣುಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ ಅವರ ಕೆಲಸವನ್ನು ಲೆಕ್ಕ ಹಾಕಿದರು. ಮಾತು ಹೆಚ್ಚಾಯಿತೆಂದು ಇಬ್ಬರನ್ನು ನಡುವೆಯೇ ಬದಲಿಸಿದರು. ಕೊನೆಯ ಹಂತದಲ್ಲಿ ಹದಿನಾಲ್ಕು ಗಂಡಸರ ಒಂದು ಗುಂಪನ್ನು ನೋಡಿದರು. ಆ ಹದಿನಾಲ್ಕು ಜನ ದಿನಕ್ಕೆ ಇಷ್ಟೇ ಕೆಲಸವೆಂದು ತಮ್ಮತಮ್ಮಲ್ಲೇ ಗೊತ್ತುಮಾಡಿಕೊಂಡಿದ್ದರು. ಹೆಚ್ಚು ಮಾಡಿದರೆ ದರ ಇಳಿಸುತ್ತಾರೆ, ಇಲ್ಲವೆ ಜನರನ್ನು ಕಡಿಮೆ ಮಾಡುತ್ತಾರೆ ಎಂಬ ಭಯ ಅವರಿಗಿತ್ತು. ಅದು ಆರ್ಥಿಕ ಕುಸಿತದ ಕಾಲ, ಕೆಲಸ ಹೋಗುತ್ತಿದ್ದುದು ಕಣ್ಣೆದುರಿಗೇ ಇತ್ತು. ಇಂಥದನ್ನು ಕೆಲವರು ಸೋಮಾರಿತನವೆಂದು ಬರೆದುಕೊಳ್ಳುತ್ತಾರೆ. ದುಡಿಯುವವನು ಅದನ್ನು ಅನ್ನದ ಲೆಕ್ಕವೆನ್ನುತ್ತಾನೆ. ಯಾರನ್ನು ಕೇಳಿದಿರಿ, ಎಲ್ಲಿ ನಿಂತು ಕೇಳಿದಿರಿ ಎಂಬುದರ ಮೇಲೆ ಶಾಸ್ತ್ರದ ತೀರ್ಪು ಬದಲಾಗುತ್ತದೆ.

ನಮ್ಮ ದೇಶದಲ್ಲಿಯೂ ಇದು ನಡೆದಿದೆ. 1953ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅವರು ಅಹಮದಾಬಾದಿನ ಕ್ಯಾಲಿಕೊ ಗಿರಣಿಗೆ ಬಂದರು. ಹೊಸ ಸ್ವಯಂಚಾಲಿತ ಮಗ್ಗಗಳನ್ನು ಹೂಡಿದ್ದರೂ ನಿರೀಕ್ಷಿಸಿದ ಉತ್ಪಾದನೆ ಬರುತ್ತಿರಲಿಲ್ಲ. ಕೆಲಸವನ್ನು ತುಂಡು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಹಂಚಿದ್ದರಿಂದ ಇಡೀ ಮಗ್ಗದ ಹೊಣೆ ಯಾರಿಗೂ ಇರಲಿಲ್ಲ. ಒಂದು ಚಿಕ್ಕ ಗುಂಪಿಗೆ ಇಷ್ಟು ಮಗ್ಗಗಳ ಪೂರ್ಣ ಹೊಣೆ ಕೊಡೋಣವೆ ಎಂಬ ಮಾತು ಹೊರಟದ್ದೇ ತಡ, ಕಾಮಗಾರರು ತಾವೇ ಗುಂಪು ಕಟ್ಟಿಕೊಂಡು ಮುಂದೆ ಬಂದರು. ಉತ್ಪಾದನೆ ಹೆಚ್ಚಿತು, ಕೆಟ್ಟ ಬಟ್ಟೆ ಕಡಿಮೆಯಾಯಿತು. 1970ರಲ್ಲಿ ಎರಿಕ್ ಮಿಲ್ಲರ್ ಎಂಬವರು ಮತ್ತೆ ಹೋಗಿ ನೋಡಿದಾಗ, ಒಂದು ಕಡೆ ಆ ಪದ್ಧತಿ ಉಳಿದಿತ್ತು, ಉಳಿದ ಕಡೆ ಹಳೆಯ ರೂಢಿ ಮರಳಿತ್ತು. ಒಳ್ಳೆಯ ಪ್ರಯೋಗವಾದರೂ ಅದನ್ನು ಕಾಯುವವರಿಲ್ಲದಿದ್ದರೆ ನಿಲ್ಲುವುದಿಲ್ಲ.

ವ್ಯಾಪಾರಸ್ಥ ಮಿತ್ರರೆ, ಇನ್ನು ನಿಮ್ಮ ಕಥೆ. 1964ರ ಸುಮಾರಿಗೆ ಹಾರ್ವರ್ಡಿನ ಡೇವಿಡ್ ಮ್ಯಾಕ್ಲೆಲೆಂಡ್ ಅವರು ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಯ ಜೊತೆಗೂಡಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಕೆಲವು ದಿನಗಳ ತರಬೇತಿ ಕೊಟ್ಟರು. ಸಾಧಿಸಬೇಕೆಂಬ ಹಂಬಲವನ್ನು ಕಲಿಸಬಹುದೆ ಎಂಬುದು ಅವರ ಪ್ರಶ್ನೆ. ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಹೊಸ ವ್ಯವಹಾರ ಆರಂಭಿಸಿದರೆಂದು 1969ರಲ್ಲಿ ಪುಸ್ತಕ ಬಂತು. ಹಳೆಯ ನಂಬಿಕೆಯವರು ಮುಂದೆ ಬರಲಾರರು ಎಂಬ ಮಾತೂ ಅಲ್ಲಿ ಬಿದ್ದುಹೋಯಿತು. ಆದರೆ ಮನಸ್ಸಿನ ಹಂಬಲದ ಜೊತೆಗೆ ಇನ್ನೊಂದನ್ನು ಕೇಳಲೇಬೇಕು: ಹಂಬಲವಿದ್ದವನಿಗೆ ಸಾಲ ಯಾರು ಕೊಡುತ್ತಾರೆ, ಯಾವ ಬಡ್ಡಿಗೆ? ಉದ್ದರಿ ಕೊಂಡವರು ಯಾವಾಗ ತೀರಿಸುತ್ತಾರೆ? ಮೂಡಲಗಿ ಕಡೆಯ ಕಿರಾಣಿ ಅಂಗಡಿಕಾರನ ಕೀರ್ದಿ ಪುಸ್ತಕ ಕಬ್ಬಿನ ಬಿಲ್ಲು ಬರುವ ದಿನಕ್ಕೆ ಕಟ್ಟುಬಿದ್ದಿರುತ್ತದೆ. ಬಿಲ್ಲು ತಡವಾದರೆ ರೈತ ಕೊಡಲಾರ, ರೈತ ಕೊಡದಿದ್ದರೆ ಅಂಗಡಿಕಾರ ಸಗಟು ಮಾಲಿನ ಹಣ ಕಟ್ಟಲಾರ. ಅವನ ಉದ್ಯಮಶೀಲತೆ ಅವನ ಎದೆಯಲ್ಲಿ ಮಾತ್ರ ಇಲ್ಲ.

ನಮ್ಮ ಈ ಮೂರು ತಾಲೂಕುಗಳಲ್ಲಿ ಕೇಳತಕ್ಕ ಸಂಗತಿಗಳಿಗೆ ಕೊರತೆಯಿಲ್ಲ. ಘಟಪ್ರಭೆಯ ನೀರಿನ ಬಲ ನಂಬಿ 1885ರಲ್ಲಿ ಗೋಕಾಕ ಗಿರಣಿಯ ಕಂಪನಿ ಹುಟ್ಟಿತು, 1887ರಲ್ಲಿ ಗಿರಣಿ ನೂಲತೊಡಗಿತು. ಬಂಡವಾಳ ತಂದವರ ಹೆಸರು ಚರಿತ್ರೆಯಲ್ಲಿದೆ. ಅಜ್ಜ, ಅಪ್ಪ, ಮಗ ಎಂದು ಒಂದೇ ಖಾತೆಯಲ್ಲಿ ದುಡಿದ ಮನೆತನಗಳ ಅನುಭವವನ್ನು ಕೂಡಿಸಿ ಬರೆದರೆ ಅದೂ ಮಹಾಪ್ರಬಂಧವೇ. ಗೋಕಾಕದ ಕರದಂಟು ಊರೂರಿಗೆ ಹೋಗುತ್ತದೆ. ಬೋರ್ಡಿನ ಮೇಲೆ ಯಜಮಾನನ ಹೆಸರಿರುತ್ತದೆ, ಅಂಟು ಕರಿಯುವ ಹದ, ಬೆಲ್ಲದ ಪಾಕದ ಹದ ಒಲೆಯ ಮುಂದೆ ನಿಂತವರ ಕೈಯಲ್ಲಿರುತ್ತದೆ. ಬಣ್ಣದ ಮರದ ಗೊಂಬೆ ಮಾಡುವ ಮನೆಗಳ ಕಸುಬೂ ಹಾಗೆಯೇ. ಇವರೆಲ್ಲ ಉದ್ಯಮಿಗಳ ಪಟ್ಟಿಯಲ್ಲಿ ಬರಬೇಡವೆ?

ಹುಕ್ಕೇರಿಯನ್ನು ನೋಡಿ. 1960ರ ದಶಕದ ಕೊನೆಗೆ ದೇಶದಲ್ಲಿ ಪ್ರಯೋಗಕ್ಕೆಂದು ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳನ್ನು ಆರಿಸಿದರು: ಆಂಧ್ರದ ಸಿರ್ಸಿಲ್ಲಾ, ಗುಜರಾತದ ಕೊಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ, ನಮ್ಮ ಹುಕ್ಕೇರಿ. ಹುಕ್ಕೇರಿಯ ಸಂಘ 1969ರಲ್ಲಿ ಹುಟ್ಟಿತು. ಮುಳಾ-ಪ್ರವರಾ 2011ರಲ್ಲಿ ವಿತರಣೆಯ ಕೆಲಸವನ್ನು ಕಳೆದುಕೊಂಡಿತು, ಹುಕ್ಕೇರಿ ಉಳಿದುಕೊಂಡಿತು. ಇಲ್ಲಿ ಬಿಲ್ಲು ಕಟ್ಟುವವನೇ ಸದಸ್ಯ, ಸದಸ್ಯನೇ ಒಡೆಯ. ಒಡೆಯನೂ ಗಿರಾಕಿಯೂ ಒಬ್ಬನೇ ಆದಾಗ ಸಂಸ್ಥೆ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ, ಸಾಮಾನ್ಯ ಸದಸ್ಯನ ಮಾತು ಎಷ್ಟು ನಡೆಯುತ್ತದೆ? ಒಬ್ಬನ ಸಾಹಸವೇ ಉದ್ಯಮವೆಂದು ಓದಿ ಬಂದವರಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಕ್ಕೀತು?

ಈಗ ಮುಖ್ಯ ಮಾತಿಗೆ ಬರುತ್ತೇನೆ. ವಿದ್ಯಾರ್ಥಿಯ ಕಾಗದದಲ್ಲಿ ಸಾಮಾನ್ಯವಾಗಿ ಒಂದು ವಾಕ್ಯ, ಎದುರಿಗೆ ಐದು ಮನೆ ಇರುತ್ತವೆ: ಪೂರ್ಣ ಒಪ್ಪುತ್ತೇನೆ ಎಂಬಲ್ಲಿಂದ ಪೂರ್ಣ ಒಪ್ಪುವುದಿಲ್ಲ ಎಂಬವರೆಗೆ. 1932ರಲ್ಲಿ ರೆನ್ಸಿಸ್ ಲಿಕರ್ಟ್ ಎಂಬವರು ಮಾಡಿಕೊಟ್ಟ ಅಳತೆ ಇದು. ಅಳತೆ ಕೆಟ್ಟದ್ದಲ್ಲ. ಆದರೆ “ನನ್ನ ಮೇಲ್ವಿಚಾರಕರು ನನ್ನನ್ನು ಗೌರವದಿಂದ ಕಾಣುತ್ತಾರೆ” ಎಂಬ ವಾಕ್ಯವನ್ನು ಮೇಲ್ವಿಚಾರಕರ ಮೇಜಿನ ಮುಂದೆಯೇ ಓದಿಸಿದರೆ ಯಾವ ಕಾಮಗಾರ ಯಾವ ಮನೆಗೆ ಗುರುತು ಹಾಕುತ್ತಾನೆಂದು ಹೇಳಲು ಪಂಡಿತರು ಬೇಕಿಲ್ಲ. ಅಂಗಡಿಕಾರನಿಗೆ ವಹಿವಾಟು ಎಷ್ಟೆಂದು ಕೇಳಿದರೆ, ತೆರಿಗೆಯವರ ಕಡೆಯವರಿರಬಹುದೆಂದು ಅರ್ಧ ಹೇಳುತ್ತಾನೆ. ಈ ಎರಡು ಸುಳ್ಳುಗಳನ್ನು ಕೂಡಿಸಿ, ಭಾಗಿಸಿ, ಶೇಕಡಾ ಹಾಕಿ, ಇಷ್ಟು ಮಂದಿ ಸಂತೃಪ್ತರು ಎಂದು ಅಚ್ಚು ಹಾಕಿದರೆ ಅದು ಸುಳ್ಳಿನ ದಾಖಲೆ. ನಾಳೆ ನಿಮ್ಮ ಪಗಾರದ ಮಾತು ಬಂದಾಗ ಅದನ್ನೇ ನಿಮ್ಮ ಮುಂದೆ ಹಿಡಿಯಬಹುದು.

ಹಾಗೆಂದು ಅವರನ್ನು ಬಾಗಿಲಲ್ಲೇ ತಿರುಗಿಸಬೇಡಿ. ಅವರಲ್ಲಿ ಅನೇಕರು ನಮ್ಮಂಥ ಮನೆಗಳ ಮಕ್ಕಳೇ. ಕಡಿಮೆಯೆಂದರೂ ಮೂರು ವರ್ಷ ಓದಬೇಕು. ಉತ್ತರ ಸಿಗದಿದ್ದರೆ ಅವರ ವಿದ್ಯೆ ನಿಲ್ಲುತ್ತದೆ. ಕೂರಿಸಿ ಚಹಾ ಕೊಡಿ, ಆಮೇಲೆ ಕೆಲವು ಮಾತು ಸ್ಪಷ್ಟವಾಗಿ ಹೇಳಿ.

ಮೊದಲು, ವಿಶ್ವವಿದ್ಯಾಲಯದ ಪತ್ರ ಕೇಳಿ. ಯಾರ ಹಣದಿಂದ, ಯಾರಿಗಾಗಿ ಈ ವಿಚಾರಣೆ ಎಂದು ಕೇಳಿ. ಕಾಗದದ ಮೇಲೆ ಹೆಸರು, ಟೋಕನ್ ನಂಬರು ಬರೆಯಬೇಡಿ. ಬೇಡವೆನಿಸಿದ ಪ್ರಶ್ನೆಗೆ ಉತ್ತರಿಸದಿರುವ ಹಕ್ಕು ನಿಮಗಿದೆ.

ಎರಡನೆಯದು, ಪಾಳಿ ಬಿಟ್ಟ ಮೇಲೆ, ಗೇಟಿನ ಹೊರಗೆ, ನಿಮ್ಮ ಓಣಿಯಲ್ಲಿ ಕೇಳಿರಿ ಎನ್ನಿ. ಪ್ರಶ್ನೆ ಕನ್ನಡದಲ್ಲಿರಲಿ. ಹೆಣ್ಣುಮಕ್ಕಳನ್ನು ಅವರ ಪರವಾಗಿ ಗಂಡಸರು ಮಾತಾಡದ ಕಡೆ ಕೇಳಲಿ. ಹೀಗೆ ಕೇಳಿದ ಮೇಲೆ ನಿಜವನ್ನೇ ಹೇಳಿರಿ. ಸುಳ್ಳು ಹೇಳಿದರೆ ಮೋಸಹೋಗುವವರು ನಾವೇ.

ಮೂರನೆಯದು, ಬರೆದದ್ದನ್ನು ತಿರುಗಿ ತಂದು ಓದಿ ಹೇಳಿರಿ ಎನ್ನಿ. ಯು.ಜಿ.ಸಿ. ನಿಯಮದ ಮೇರೆಗೆ ಮಹಾಪ್ರಬಂಧಗಳನ್ನು ಶೋಧಗಂಗಾ ಎಂಬ ಭಂಡಾರದಲ್ಲಿ ಎಲ್ಲರೂ ನೋಡುವಂತೆ ಇಡುತ್ತಾರೆ. ಆದರೆ ಈ ವಿಷಯದವು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಭಂಡಾರದ ಬಾಗಿಲು ತೆರೆದಿದ್ದರೂ ಭಾಷೆಯ ಬೀಗ ಬಿದ್ದಿದೆ. ಮೂರು ವರ್ಷ ದುಡಿದವರಿಗೆ ನಾಲ್ಕು ಪುಟ ಕನ್ನಡ ಬರೆಯುವುದು ಭಾರವಲ್ಲ. ಆ ನಾಲ್ಕು ಪುಟ ನಮ್ಮ ಕೈಗೆ ಬಂದರೆ, ತಪ್ಪಿದ್ದಲ್ಲಿ ತಪ್ಪೆನ್ನಬಹುದು, ಸರಿಯಿದ್ದಲ್ಲಿ ನಮ್ಮ ಬೇಡಿಕೆಯ ಜೊತೆ ಅದನ್ನೂ ಇಡಬಹುದು.

ಬಂಧುಗಳೆ, ಮಾಲು ತೂಗುವಾಗ ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಡುವುದು ನಿಮಗೆ ಯಾರೂ ಕಲಿಸಬೇಕಿಲ್ಲ. ಈಗ ತಟ್ಟೆಯಲ್ಲಿ ಇರುವುದು ನಮ್ಮ ದುಡಿಮೆ, ನಮ್ಮ ವ್ಯವಹಾರ. ತೂಗುವವರು ನಮ್ಮ ಮಕ್ಕಳ ವಯಸ್ಸಿನವರು, ಕಲಿಯುತ್ತಿರುವವರು. ಅವರಿಗೆ ಸರಿಯಾದ ಕಲ್ಲು ಕೊಡೋಣ, ತೂಕವನ್ನು ನಮ್ಮೆದುರಿಗೆ ಓದಿಸಿಕೊಳ್ಳೋಣ. ಮುಂದಿನ ಸಲ ಯಾರಾದರೂ ಬಂದರೆ ಒಬ್ಬೊಬ್ಬರೇ ಉತ್ತರಿಸಿ ಕಳಿಸಬೇಡಿ. ಓಣಿಯ ನಾಲ್ಕು ಜನರಿಗೆ ತಿಳಿಸಿ, ನಿಮ್ಮ ಪ್ರಶ್ನೆಗಳನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಅವರ ಮುಂದೆ ಕೂರಿರಿ.