ಎಲುಬು ಬಿಡದೆ ಹಿಡಿದುಕೊಳ್ಳುವ ಗಾಜು

ಮರದಿಂದಲೋ ಬೈಕಿನಿಂದಲೋ ಬಿದ್ದು ಕಾಲು ಮುರಿದುಕೊಂಡವರ ಬಗ್ಗೆ ದೊಡ್ಡವರು ‘ಒಳಗೆ ರಾಡ್ ಹಾಕಿದ್ದಾರಂತೆ’ ಎನ್ನುವುದನ್ನು ನೀವು ಕೇಳಿರುತ್ತೀರಿ. ಆ ರಾಡು, ಪ್ಲೇಟು, ಸ್ಕ್ರೂಗಳು ಹೆಚ್ಚಾಗಿ ಸ್ಟೀಲಿನವು ಇಲ್ಲವೇ ಟೈಟಾನಿಯಂ ಎಂಬ ಲೋಹದವು. ಮುರಿದ ತುದಿಗಳು ಅಲುಗಾಡದಂತೆ ಅವು ಹಿಡಿದುಕೊಳ್ಳುತ್ತವೆ, ಅಷ್ಟೇ. ಕೂಡಿಕೊಳ್ಳುವ ಕೆಲಸ ಎಲುಬಿನದೇ. ಎಷ್ಟು ಚೆಂದದ ಏರ್ಪಾಡು! ಅದನ್ನು ಕೆಡಿಸಬಲ್ಲದ್ದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ.

ಎಲುಬಿಗೆ ಸೋಂಕು ತರುವುದರಲ್ಲಿ ಸ್ಟಫೈಲೊಕಾಕಸ್ ಆರಿಯಸ್ ಎಂಬುದು ಮುಂದು. ದುಂಡಗಿನ ಜೀವಿ. ಸಾವಿರವನ್ನು ಸಾಲಾಗಿ ನಿಲ್ಲಿಸಿದರೂ ಉದ್ದ ಸುಮಾರು 1 ಮಿಲಿಮೀಟರ್ ಮಾತ್ರ. ಎಷ್ಟೋ ಜನರ ಮೂಗಿನೊಳಗೆ ಯಾವ ತೊಂದರೆಯನ್ನೂ ಕೊಡದೆ ಇದು ಇದ್ದುಬಿಡುತ್ತದೆ. ಆದರೆ ಗಾಯದ ಮೂಲಕವೋ ಆಪರೇಷನ್ ಆಗುವಾಗಲೋ ಒಳಗೆ ಸೇರಿಕೊಂಡು ಲೋಹದ ಮೇಲೆ ಕೂತರೆ ಕಷ್ಟ ಶುರುವಾಗುತ್ತದೆ.

ಯಾಕೆಂದರೆ ಅದೇ ಲೋಹದ ಮೇಲೆ ಹರಡಿಕೊಳ್ಳಲು ನಮ್ಮ ದೇಹದ ಜೀವಕೋಶಗಳೂ ಹೊರಟಿರುತ್ತವೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ಇಲ್ಲಿಯೂ ಮೊದಲು ಬಂದವರದ್ದೇ ಜಾಗ. ಆಂಟನಿ ಗ್ರಿಸ್ಟಿನಾ ಎಂಬ ಅಮೆರಿಕದ ವೈದ್ಯರು 1987ರಲ್ಲಿ ಇದನ್ನು ‘ಮೇಲ್ಮೈಗಾಗಿ ಓಟ’ ಎಂದು ಕರೆದರು. ಬ್ಯಾಕ್ಟೀರಿಯಾ ಗೆದ್ದರೆ ಸುತ್ತಲೂ ಲೋಳೆಯ ಪದರ ಕಟ್ಟಿಕೊಂಡು ಒಳಗೆ ಬೀಡುಬಿಡುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಹಲ್ಲಿನ ಮೇಲೆ ನಾಲಿಗೆ ಆಡಿಸಿ ನೋಡಿ, ಜಿಡ್ಡುಜಿಡ್ಡಾಗಿ ಏನೋ ತಗಲುತ್ತದೆ. ಅದು ಇಂಥದ್ದೇ ಪದರ. ಹಲ್ಲನ್ನಾದರೆ ಬ್ರಷ್‌ನಿಂದ ಉಜ್ಜಬಹುದು, ತೊಡೆಯೊಳಗಿನ ರಾಡನ್ನು ಉಜ್ಜುವವರು ಯಾರು? ಔಷಧಿಗೂ ಆ ಲೋಳೆಯೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಕಷ್ಟ. ಕೆಲವೊಮ್ಮೆ ರಾಡನ್ನೇ ತೆಗೆದುಹಾಕಬೇಕಾಗುತ್ತದೆ.

ಹಾಗಾದರೆ ಎಲುಬು ಇಷ್ಟಪಡುವ, ಬ್ಯಾಕ್ಟೀರಿಯಾ ಸಹಿಸದ ವಸ್ತು ಇದೆಯೇ? ಇದೆ, ಅದು ಒಂದು ಬಗೆಯ ಗಾಜು! ಅದರ ಕತೆ ನನಗೆ ಬಹಳ ಇಷ್ಟ.

1967ರಲ್ಲಿ ಲ್ಯಾರಿ ಹೆಂಚ್ ಎಂಬ ಅಮೆರಿಕದ ಯುವ ವಿಜ್ಞಾನಿ ಬಸ್ಸಿನಲ್ಲಿ ಒಂದು ಸಮ್ಮೇಳನಕ್ಕೆ ಹೊರಟಿದ್ದರು. ಪಕ್ಕದಲ್ಲಿ ಕೂತಿದ್ದವರು ವಿಯೆಟ್ನಾಂ ಯುದ್ಧದಿಂದ ಮರಳಿದ್ದ ಸೇನಾಧಿಕಾರಿ. ಹೆಂಚ್ ವಿಕಿರಣವನ್ನು ತಾಳಿಕೊಳ್ಳುವ ವಸ್ತುಗಳ ಬಗ್ಗೆ ಹೇಳಿದಾಗ, ಮನುಷ್ಯನ ದೇಹದೊಳಗೆ ಬಾಳುವ ವಸ್ತುವನ್ನು ನೀವು ಮಾಡಬಲ್ಲಿರಾ ಎಂದು ಅವರು ಕೇಳಿದರು. ಲೋಹ, ಪ್ಲಾಸ್ಟಿಕ್‌ಗಳನ್ನು ದೇಹ ಒಪ್ಪದೆ ಗಾಯಗೊಂಡ ಸೈನಿಕರು ಕೈಕಾಲು ಕಳೆದುಕೊಳ್ಳುತ್ತಿದ್ದುದನ್ನು ಅವರು ಕಂಡಿದ್ದರು.

ಹೆಂಚ್ ಆ ಪ್ರಶ್ನೆಯನ್ನು ಬಿಡಲಿಲ್ಲ. ಎಲುಬಿನಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್ ಇವೆಯಲ್ಲ, ಅವನ್ನೇ ಗಾಜಿಗೂ ಸೇರಿಸಿದರೆ ಹೇಗೆ? ಕಿಟಕಿಯ ಗಾಜಿನಲ್ಲಿ ಶೇ. 70ರಷ್ಟು ಸಿಲಿಕಾ, ಅಂದರೆ ಮರಳಿನ ಅಂಶ, ಇರುತ್ತದೆ. ಅದನ್ನು ಅವರು ಶೇ. 45ಕ್ಕೆ ಇಳಿಸಿ ಸೋಡಿಯಂ, ಕ್ಯಾಲ್ಸಿಯಂ, ಫಾಸ್ಫರಸ್‌ಗಳನ್ನು ಬೆರೆಸಿದರು. 1969ರಲ್ಲಿ ಆ ಗಾಜಿನ ಸಣ್ಣ ತುಂಡುಗಳನ್ನು ಇಲಿಗಳ ತೊಡೆಯೆಲುಬಿನಲ್ಲಿ ಇಡಲಾಯಿತು. ಆರು ವಾರ ಕಳೆದು ವೈದ್ಯರು ತೆಗೆಯಲು ನೋಡಿದರೆ ಬರುತ್ತಲೇ ಇಲ್ಲ! ತಳ್ಳಿದರೂ ಕುಟ್ಟಿದರೂ ಜಗ್ಗಲಿಲ್ಲ. ಎಲುಬು ಗಾಜನ್ನು ತನ್ನದಾಗಿಸಿಕೊಂಡಿತ್ತು.

ಗುಟ್ಟು ಇರುವುದು ಕರಗುವುದರಲ್ಲಿ. ಸಿಲಿಕಾ ಕಡಿಮೆಯಾದ್ದರಿಂದ ಈ ಗಾಜು ದೇಹದ ದ್ರವದಲ್ಲಿ ಮೆಲ್ಲಗೆ ಕರಗುತ್ತದೆ. ಮೊದಲು ಸೋಡಿಯಂ ಹೊರಬರುತ್ತದೆ. ಗಾಜಿನ ಮೈಮೇಲೆ ತೆಳ್ಳಗೆ ಸಿಲಿಕಾ ಲೋಳೆ ಉಳಿಯುತ್ತದೆ. ಅದರ ಮೇಲೆ ಕ್ಯಾಲ್ಸಿಯಂ, ಫಾಸ್ಫೇಟ್‌ಗಳು ಕೂಡಿ ಅಪಟೈಟ್ ಎಂಬ ಖನಿಜವಾಗುತ್ತವೆ. ನಮ್ಮ ಎಲುಬನ್ನು ಗಟ್ಟಿಯಾಗಿಸಿರುವುದೂ ಹೆಚ್ಚುಕಡಿಮೆ ಅದೇ ಖನಿಜ. ಎಲುಬಿನ ಕೋಶಗಳು ಪರಕೀಯ ಎಂದುಕೊಳ್ಳದೆ ಅದನ್ನು ಹಿಡಿದುಕೊಳ್ಳುತ್ತವೆ.

ಕರಗುವಾಗ ಇನ್ನೊಂದು ಲಾಭವಿದೆ. ಸುತ್ತಲಿನ ದ್ರವ ಕ್ಷಾರೀಯವಾಗುತ್ತದೆ, ಅಂದರೆ ಹುಳಿಗೆ ತದ್ವಿರುದ್ಧ. ಅದರಲ್ಲಿ ಲವಣವೂ ಹೆಚ್ಚಿ ಬ್ಯಾಕ್ಟೀರಿಯಾದ ಮೈಯೊಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ. ಇಲ್ಲಿ ಯಾವ ಔಷಧಿಯೂ ಇಲ್ಲ, ಗಮನಿಸಿ. ಹೀಗಾಗಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೂ ಪ್ರಯೋಗಾಲಯದಲ್ಲಿ ಈ ಬಗೆಯ ಗಾಜಿಗೆ ಸೋತಿವೆ. ನಮ್ಮ ಕೋಶಗಳಿಗೆ ಇದರಿಂದ ತೊಂದರೆಯಿಲ್ಲವೇ ಎಂದು ನೀವು ಕೇಳಬೇಕು. ಗಾಜು ತೀರಾ ಬೇಗ ಕರಗಿದರೆ ಅವಕ್ಕೂ ಪೆಟ್ಟೇ. ಆದ್ದರಿಂದ ಯಾವ ಅಂಶ ಎಷ್ಟು, ಗಾಜಿನ ಹರಳು ಎಷ್ಟು ದಪ್ಪ ಎಂಬ ಹದ ಹುಡುಕುವುದರಲ್ಲೇ ವಿಜ್ಞಾನಿಗಳ ಶ್ರಮವೆಲ್ಲ ಹೋಗುತ್ತದೆ. ಫಿನ್ಲೆಂಡಿನ ಟುರ್ಕು ನಗರದ ಸಂಶೋಧಕರು ಸಿಲಿಕಾವನ್ನು ಶೇ. 53 ಇಟ್ಟು ಬೇರೊಂದು ಗಾಜು ಮಾಡಿದರು. ಕೀವಾದ ಎಲುಬಿನ ಸತ್ತ ಭಾಗವನ್ನು ಕೆರೆದು ತೆಗೆದ ಮೇಲೆ ಉಳಿದ ಪೊಳ್ಳಿಗೆ ಆ ಗಾಜಿನ ಹರಳುಗಳನ್ನು ವೈದ್ಯರು ಇಂದು ತುಂಬುತ್ತಾರೆ.

ಹಾಗೆಂದು ಗಾಜಿನಿಂದಲೇ ರಾಡು ಮಾಡಲಾಗದು. ಅದು ಗಡುಸು, ಆದರೆ ಪೆಟ್ಟು ಬಿದ್ದರೆ ಒಡೆಯುತ್ತದೆ. ನಮ್ಮ ಭಾರ ಹೊರುವ ತೊಡೆಯೆಲುಬಿಗೆ ಲೋಹವೇ ಬೇಕು. ಅದಕ್ಕೇ ಲೋಹದ ಮೇಲೆ ಈ ಗಾಜನ್ನು ತೆಳುವಾಗಿ ಲೇಪಿಸುವ, ಗಾಜಿಗೆ ಚೂರು ಬೆಳ್ಳಿಯನ್ನೋ ತಾಮ್ರವನ್ನೋ ಬೆರೆಸಿ ಬ್ಯಾಕ್ಟೀರಿಯಾವನ್ನು ಇನ್ನಷ್ಟು ದೂರವಿಡುವ ಪ್ರಯತ್ನಗಳು ನಡೆಯುತ್ತಿವೆ. ಬಳಿದ ಪದರ ಸಿಪ್ಪೆಯಂತೆ ಏಳದ ಹಾಗೆ ಮಾಡುವುದು ಹೇಗೆ ಎಂಬುದು ವಿಜ್ಞಾನಿಗಳ ದೊಡ್ಡ ತಲೆನೋವು.